ಮಸ್ಕಿ ಮೀನು ಹಿಡಿಯಲು ಗೆಳೆಯರ ದೋಣಿ ಹತ್ತುವ ಮುನ್ನ

ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಎರಡು ತಿಂಗಳಾಗಿದೆ, ಅಕ್ಟೋಬರ್‌ನಲ್ಲಿ ಆಫೀಸಿನ ಗೆಳೆಯರು ಚಿಪ್ಪೆವಾ ನದಿಗೆ ಮಸ್ಕಿ ಎಂಬ ದೊಡ್ಡ ಬೇಟೆ ಮೀನನ್ನು ಹಿಡಿಯಲು ಕರೆಯುತ್ತಿದ್ದಾರೆ, ಗಾಳ ಮುಟ್ಟಿ ಗೊತ್ತಿಲ್ಲ, ಮೇಲಾಗಿ ಸಸ್ಯಾಹಾರಿ, ಹೋಗಲೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಮಸ್ಕಿಯ ಹಿಂದೆ ಬಿದ್ದವರಲ್ಲಿ ಬಹುಪಾಲು ಜನ ಅದನ್ನು ತಿನ್ನುವುದಿಲ್ಲ. ಅಳೆದು, ಫೋಟೋ ತೆಗೆದು, ನೀರಿಗೇ ಬಿಡುತ್ತಾರೆ. ಹಿಂದೆ ಭೀಮೇಶ್ವರಿಯ ಕಾವೇರಿಯಲ್ಲಿ ಮಶೀರ್ ಮೀನನ್ನು ಹಿಡಿದು ಬಿಡುತ್ತಿದ್ದರಲ್ಲ, ಅದೇ ಪದ್ಧತಿ.

ಮೊದಲು ಲೈಸೆನ್ಸ್. 16 ವರ್ಷ ದಾಟಿದವರು ಗಾಳ ಎಸೆಯಬೇಕಾದರೆ ಅದು ಬೇಕೇ ಬೇಕು. ರಾಜ್ಯದ ಗೋ ವೈಲ್ಡ್ ಜಾಲತಾಣದಲ್ಲಿ ಸಿಗುತ್ತದೆ. ಈ ರಾಜ್ಯದಲ್ಲೇ ಮನೆ ಮಾಡಿಕೊಂಡು 30 ದಿನ ಆಗಿದ್ದರೆ ಸ್ಥಳೀಯರ ದರ ನಿಮಗೂ ಅನ್ವಯಿಸುತ್ತದೆ, ಹೊರಗಿನವರ ದರ ಕೊಡಬೇಡಿ. ಮೀನುಗಾರಿಕೆ ನಿಯಮ ನೋಡಿಕೊಳ್ಳುವ ವಾರ್ಡನ್ ನದಿಯಲ್ಲೇ ಬಂದು ಲೈಸೆನ್ಸ್ ಕೇಳಬಹುದು. 1955ರಿಂದ ಮಸ್ಕಿ ವಿಸ್ಕಾನ್ಸಿನ್‌ನ ರಾಜ್ಯ ಮೀನು, ಹಾಗಾಗಿ ನಿಯಮವೂ ಬಿಗಿ: ಹೆಚ್ಚಿನ ಕಡೆ 40 ಇಂಚಿಗಿಂತ ಗಿಡ್ಡ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ಅದರ ದಾಯಾದಿ ನಾರ್ದರ್ನ್ ಪೈಕ್‌ಗೆ ಬೇರೆ ನಿಯಮ. ಗುರುತು ಹೀಗೆ: ಪೈಕ್‌ಗೆ ಗಾಢ ಮೈಮೇಲೆ ತಿಳಿ ಚುಕ್ಕೆ, ಮಸ್ಕಿಗೆ ತಿಳಿ ಮೈಮೇಲೆ ಗಾಢ ಪಟ್ಟೆ ಅಥವಾ ಚುಕ್ಕೆ, ಬಾಲದ ತುದಿಯೂ ಹೆಚ್ಚು ಚೂಪು.

ಸಾಮಾನು ಕೊಳ್ಳಲು ಹೋಗಬೇಡಿ, ಎರವಲು ಸಿಗುತ್ತದೆ. ಎಂಟೂವರೆ, ಒಂಬತ್ತು ಅಡಿಯ ಗಟ್ಟಿ ಕೋಲು, 80ರಿಂದ 100 ಪೌಂಡ್ ಎಳೆತ ತಡೆಯುವ ಹೆಣೆದ ದಾರ, ಅದರ ತುದಿಗೆ ಒಂದು ಅಡಿಯಷ್ಟು ಉಕ್ಕಿನ ತಂತಿ ಅಥವಾ ದಪ್ಪ ಫ್ಲೋರೋಕಾರ್ಬನ್ ಲೀಡರ್. ಲೀಡರ್ ಇಲ್ಲದಿದ್ದರೆ ಮೀನಿನ ಹಲ್ಲಿಗೆ ದಾರ ತುಂಡಾಗುತ್ತದೆ, ಮೀನು ಬಾಯಲ್ಲಿ ಗಾಳ ಕಚ್ಚಿಕೊಂಡೇ ಹೋಗುತ್ತದೆ. ನಿಮ್ಮ ದುಡ್ಡಿನಲ್ಲಿ ಕೊಳ್ಳಬೇಕಾದದ್ದು ಪೋಲರೈಸ್ಡ್ ಕನ್ನಡಕ ಒಂದೇ. ನೀರಿನ ಹೊಳಪು ಕಳೆದು ಬೆನ್ನಟ್ಟಿ ಬರುವ ಮೀನು ಕಾಣುತ್ತದೆ, ಪಕ್ಕದವರ ಗಾಳದಿಂದ ಕಣ್ಣಿಗೆ ರಕ್ಷಣೆಯೂ ಆಗುತ್ತದೆ.

ನದಿಯಲ್ಲಿ ಮೀನು ಸೆಳವಿನ ನಡುವೆ ನಿಂತು ಶಕ್ತಿ ಕಳೆದುಕೊಳ್ಳುವುದಿಲ್ಲ. ಬಿದ್ದ ಮರದ ಹಿಂದೆ, ಬಂಡೆಯ ಮರೆಯಲ್ಲಿ, ವೇಗದ ನೀರೂ ನಿಧಾನದ ನೀರೂ ಸೇರುವ ಅಂಚಿನಲ್ಲಿ, ತಿರುವಿನ ಮಡುವಿನಲ್ಲಿ ಹರಿವಿಗೆ ಎದುರಾಗಿ ಕಾಯುತ್ತದೆ. ಹರಿವಿನ ಮೇಲ್ಗಡೆಗೋ ಅಡ್ಡಕ್ಕೋ ಎಸೆದು, ಬೆದರಿದ ಮೀನು ತೇಲಿ ಬರುವ ಹಾಗೆ ಕೆಳಕ್ಕೆ ಎಳೆದುಕೊಳ್ಳಿ.

ದಿನವಿಡೀ ಎಸೆದರೂ ಒಂದೂ ಕಚ್ಚದಿರುವುದು ಇಲ್ಲಿ ಮಾಮೂಲು. ಆದರೆ ಮಸ್ಕಿ ಹಿಂಬಾಲಿಸಿ ದೋಣಿಯ ಪಕ್ಕಕ್ಕೇ ಬಂದುಬಿಡುತ್ತದೆ, ಹೊಸಬರು ಸೋಲುವುದು ಅಲ್ಲೇ. ಆದ್ದರಿಂದ ಪ್ರತಿ ಎಸೆತದ ಕೊನೆಗೂ, ಮೀನು ಕಂಡರೂ ಕಾಣದಿದ್ದರೂ, ಕೋಲಿನ ತುದಿಯಿಂದ ನೀರಿನಲ್ಲಿ ಇಂಗ್ಲಿಷಿನ ಎಂಟರ ಅಂಕಿ ಬರೆಯಬೇಕು. ಕೋಲಿನ ತುದಿಯಿಂದ ಗಾಳ ಒಂದರಿಂದ ಒಂದೂವರೆ ಅಡಿ ದೂರ ಇರುವಾಗ ದಾರ ಸುತ್ತುವುದನ್ನು ನಿಲ್ಲಿಸಿ, ತುದಿಯನ್ನು ನೀರಿನೊಳಗೆ ಆಳಕ್ಕೆ ಇಳಿಸಿ, ವೇಗ ಕಳೆಯದೆ ಮೊದಲ ತಿರುವಿಗೆ ಹೋಗಿ. ತಿರುವು ತುಂಬಾ ಅಗಲ ಇರಬೇಕು. ನಾಲ್ಕು ಅಡಿಯ ಮೈ ಸಣ್ಣ ಸುತ್ತಿನಲ್ಲಿ ತಿರುಗಲಾರದೆ ಗಾಳದ ಜಾಡು ಕಳೆದುಕೊಳ್ಳುತ್ತದೆ. ಮೀನು ಕಂಡ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ. ನಿಲ್ಲಿಸಬೇಡಿ, ಬದಲಾಗಿ ತಿರುವಿನಲ್ಲಿ ಸ್ವಲ್ಪ ಜೋರು ಮಾಡಿ. ಬೇಟೆ ನಿಂತಿತೆಂದರೆ ಅದಕ್ಕೆ ಅನುಮಾನ. ಕಚ್ಚಿದಾಗ ಕೋಲನ್ನು ಆಕಾಶಕ್ಕೆ ಎತ್ತದೆ ಪಕ್ಕಕ್ಕೆ ಬಲವಾಗಿ ಎಳೆಯಿರಿ. ಮೇಲಕ್ಕೆ ಎತ್ತಿದರೆ ಬಾಯಿಂದ ಗಾಳ ಜಾರುವುದೇ ಹೆಚ್ಚು.

ಬಲೆಗೆ ಬಂದ ಮೇಲೆ ಮೀನು ನೀರಿನಲ್ಲೇ ಇರಲಿ. ಉದ್ದ ಮೂಗಿನ ಇಕ್ಕಳದಿಂದ ಗಾಳ ಬಿಡಿಸಿ. ಎರಡು ಸಲಕ್ಕೆ ಬರಲಿಲ್ಲವೆಂದರೆ ಗಟ್ಟಿ ಕಟ್ಟರ್‌ನಿಂದ ಗಾಳವನ್ನೇ ಕತ್ತರಿಸಿಬಿಡಿ, ಹೊಸ ಗಾಳ ಅಗ್ಗ. ಕ್ಯಾಮೆರಾ ಸಿದ್ಧವಾದ ಮೇಲಷ್ಟೇ, ಒದ್ದೆ ಕೈಯಲ್ಲಿ, ಒಂದು ಕೈ ಕಿವಿರಿನ ಮುಚ್ಚಳದ ಕೆಳಗೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಡ್ಡ ಎತ್ತಿ. ಬಾಯಿ ಹಿಡಿದು ನೇತಾಡಿಸಿದರೆ ಒಳಗಿನ ಅಂಗಗಳಿಗೆ ಪೆಟ್ಟು ಬೀಳುತ್ತದೆ. ಬಿಡುವಾಗ ಬಾಲದ ಬುಡ ಹಿಡಿದು ನೀರಿನಲ್ಲಿ ನೆಟ್ಟಗೆ ಇಟ್ಟುಕೊಳ್ಳಿ, ತಾನಾಗಿ ಕೊಸರಿದಾಗ ಬಿಡಿ. ಬೇಸಿಗೆಯಲ್ಲಿ ಕರೆದರೆ ನೀರಿನ ಉಷ್ಣತೆ ಕೇಳಿ: 80 ಡಿಗ್ರಿ ಫ್ಯಾರನ್‌ಹೀಟ್ ಸಮೀಪಿಸಿದರೆ ಬಿಟ್ಟ ಮೀನೂ ಬದುಕುವ ಭರವಸೆ ಇಲ್ಲ, ಆಗ ಹೋಗಲೇಬಾರದು.

ಹುಟ್ಟು ಹಾಕುವ ದೋಣಿಯಾದರೆ ಒಬ್ಬರು ಹುಟ್ಟು ಹಾಕುತ್ತಾರೆ, ಇಬ್ಬರು ಎಸೆಯುತ್ತಾರೆ, ಸರದಿ ಬದಲಾಗುತ್ತದೆ. ಹುಟ್ಟು ಹಾಕುವ ನಿಮ್ಮ ಸರದಿಯನ್ನು ನೀವೇ ಕೇಳಿ ತೆಗೆದುಕೊಳ್ಳಿ, ಅದಕ್ಕೆ ಇಲ್ಲಿ ಬಹಳ ಬೆಲೆ ಇದೆ. ಎಸೆಯುವ ಮೊದಲು ಹಿಂದೆ ತಿರುಗಿ ನೋಡಿ. ಪೆಟ್ರೋಲಿನ ಪಾಲನ್ನು ಅವರು ಕೇಳುವ ಮುಂಚೆ ಕೊಡಿ. ಉಣ್ಣೆಯ ಒಳಉಡುಪು, ಗಾಳಿ ತಡೆಯುವ ಜಾಕೆಟ್, ಬದಲಿ ಕೈಗವಸು, ಫ್ಲಾಸ್ಕ್ ತುಂಬಾ ಕಾಫಿ, ಚಪಾತಿ ಸುರುಳಿ ಇರಲಿ. ಲೈಫ್ ಜಾಕೆಟ್ ಮಾತ್ರ ಮೈಮೇಲೇ ಇರಬೇಕು. ಅಕ್ಟೋಬರ್‌ನ ತಣ್ಣೀರಿಗೆ ಬಿದ್ದರೆ ಈಜು ಬಲ್ಲವರಿಗೂ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ. ಅಣೆಕಟ್ಟಿನ ಕೆಳಗಾದರೆ ನೀರು ಬಿಡುವ ಸೈರನ್ ಕೇಳಿದ ತಕ್ಷಣ ದಡಕ್ಕೆ ಬನ್ನಿ.

ದೋಣಿ ಹರಿವಿನ ಜೊತೆ ಕೆಳಕ್ಕೆ ಸಾಗುವುದರಿಂದ ಒಂದು ಕಾರನ್ನು ಬೆಳಿಗ್ಗೆಯೇ ಕೆಳಗಿನ ಇಳಿದಾಣದಲ್ಲಿ ಬಿಟ್ಟಿರುತ್ತಾರೆ. ಅದರ ಬೀಗದ ಕೈ ದೋಣಿಯಲ್ಲಿದೆಯೇ ಎಂದು ಹೊರಡುವ ಮುಂಚೆ ಕೇಳಿ, ಮೇಲಿನ ಕಾರಿನಲ್ಲೇ ಉಳಿಯುವುದು ಸಾಮಾನ್ಯ. ಸಂಜೆ ದೋಣಿ ಮೇಲೆ ಬಂದ ಮೇಲೆ ಕಳೆ ಕಿತ್ತು, ನೀರನ್ನೆಲ್ಲ ಅಲ್ಲೇ ಬಸಿಯಬೇಕು, ಅದು ಕಾನೂನು. ಆ ಕೆಲಸಕ್ಕೆ ಅನುಭವ ಬೇಡ, ನೀವೇ ಕೈ ಹಾಕಿ.