ಓದುಗರ ಪ್ರಶ್ನೆಗಳಿಗೆ ಉತ್ತರ: ಅಮೆರಿಕನ್ ಫುಟ್‌ಬಾಲಿನ ದೊಡ್ಡ ತಂಡ ಯಾವುದು?

ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಅತ್ಯಂತ ದೊಡ್ಡ ತಂಡ ಯಾವುದೆಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದಕ್ಕೆ, ‘ಗ್ರೀನ್ ಬೇ ಪ್ಯಾಕರ್ಸ್’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ. ಅಲ್ಲಿಯ ವೃತ್ತಿಪರ ಲೀಗಿನ (ಎನ್‌ಎಫ್‌ಎಲ್) ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಆರಾರು ಬಾರಿ ಗೆದ್ದಿರುವ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಗಳನ್ನು ಬಿಟ್ಟು, ಅದನ್ನು ನಾಲ್ಕೇ ಬಾರಿ ಗೆದ್ದ ತಂಡಕ್ಕೆ ಪಟ್ಟ ಕಟ್ಟಿದ್ದು ಹಲವರಿಗೆ ಹಿಡಿಸಲಿಲ್ಲ. ಮಕ್ಕಳೋ ಅಳಿಯಂದಿರೋ ಅಮೆರಿಕದಲ್ಲಿರುವ ಮನೆಗಳು ನಮ್ಮ ಕಾಸರಗೋಡು ಸೀಮೆಯಲ್ಲಿ ಕಡಿಮೆಯಿಲ್ಲವಾದ್ದರಿಂದ, ಈ ಬಾರಿ ಬಂದ ಪತ್ರಗಳಲ್ಲಿ ಆಟದ ತಿಳಿವಳಿಕೆಯೂ ಇದೆ, ಜಗಳವೂ ಇದೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ವಿಸ್ಕಾನ್ಸಿನ್ ರಾಜ್ಯದಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ 2021ರಲ್ಲಿ 300 ಡಾಲರ್ ಕೊಟ್ಟು ನೀವು ಹೊಗಳಿದ ಅದೇ ಪ್ಯಾಕರ್ಸ್ ತಂಡದ ಒಂದು ಷೇರು ಕೊಂಡು, ಷೇರುಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಹಾಕಿದ್ದಾನೆ. ಲಾಭಾಂಶ ಬರುವುದಿಲ್ಲವಂತೆ, ಇನ್ನೊಬ್ಬರಿಗೆ ಮಾರುವಂತೆಯೂ ಇಲ್ಲವಂತೆ. ಇದೆಂತಹ ವ್ಯವಹಾರ?
– ಅಡಿಕೆ ಕೃಷಿಕರು, ಬದಿಯಡ್ಕ

ಉತ್ತರ: ನಿಮ್ಮ ಸೋದರಳಿಯ ಮೋಸ ಹೋಗಿಲ್ಲ; ನಾನು ಆ ತಂಡವನ್ನು ದೊಡ್ಡದೆಂದು ಕರೆದ ಕಾರಣವನ್ನೇ ಆತ ಗೋಡೆಗೆ ತೂಗಹಾಕಿದ್ದಾನೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಗ್ರೀನ್ ಬೇ ಪಟ್ಟಣದಲ್ಲಿ 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ಯುವಕ, ತಾನು ಕೆಲಸ ಮಾಡುತ್ತಿದ್ದ ಮಾಂಸ ಸಂಸ್ಕರಣೆಯ ಕಂಪೆನಿಯಿಂದ ಸಮವಸ್ತ್ರಕ್ಕೆಂದು 500 ಡಾಲರ್ ಪಡೆದು ಈ ತಂಡವನ್ನು ಕಟ್ಟಿದರು. ಸಾಲದಲ್ಲಿ ಮುಳುಗಿದ್ದ ತಂಡವನ್ನು ಉಳಿಸಿಕೊಳ್ಳಲು 1923ರಲ್ಲಿ ಊರಿನವರೇ ತಲಾ ಐದು ಡಾಲರಿನ ಷೇರುಗಳನ್ನು ಕೊಂಡರು. ಮುಂದೆ 1935, 1950, 1997, 2011 ಮತ್ತು ನಿಮ್ಮ ಸೋದರಳಿಯ ಕೊಂಡ 2021ರಲ್ಲಿ ಮತ್ತೆ ಷೇರು ಮಾರಾಟವಾಗಿ, ಇಂದು ಐದು ಲಕ್ಷಕ್ಕೂ ಹೆಚ್ಚು ಮಂದಿ ಆ ತಂಡದ ಒಡೆಯರಾಗಿದ್ದಾರೆ. ಲೀಗಿನ ಉಳಿದ 31 ತಂಡಗಳು ಸಿರಿವಂತ ವ್ಯಕ್ತಿಗಳ, ಕುಟುಂಬಗಳ ಸ್ವತ್ತು. ಇನ್ನೊಂದು ಊರು ಗ್ರೀನ್ ಬೇಯ ದಾರಿ ಹಿಡಿಯದಂತೆ ಲೀಗು ನಿಯಮವನ್ನೇ ಮಾಡಿಕೊಂಡಿದೆ. ಹಳೆಯ ತಂಡವೆಂಬ ಕಾರಣಕ್ಕೆ ಪ್ಯಾಕರ್ಸ್‌ಗೆ ಮಾತ್ರ ವಿನಾಯಿತಿ.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಷೇರು ಇರುವ ತಮ್ಮಂಥವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ದರ ಕುಸಿತದಿಂದ ಪಾರಾಗಲು ಕೂಡಿಕೊಂಡಂತೆ, ಗ್ರೀನ್ ಬೇಯವರು ತಂಡ ಕೈತಪ್ಪಿ ಹೋಗದಂತೆ ಕೂಡಿಕೊಂಡರು. ವ್ಯತ್ಯಾಸವೆಂದರೆ ನಮ್ಮ ಬೆಳೆಗಾರ ಅಡಿಕೆ ಕೊಟ್ಟು ದುಡ್ಡು ಎಣಿಸಿಕೊಂಡು ಬರುತ್ತಾನೆ. ಅಲ್ಲಿಯ ಷೇರುದಾರನಿಗೆ ಸಿಗುವುದು ಆಡಳಿತ ಮಂಡಳಿಯ ಆಯ್ಕೆಯಲ್ಲಿ ಒಂದು ಮತ ಮತ್ತು ವಾರ್ಷಿಕ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು, ಅಷ್ಟೇ. ಷೇರನ್ನು ಮನೆಯವರಿಗೆ ಬಿಟ್ಟುಹೋಗಬಹುದು, ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಒಂದು ವೇಳೆ ತಂಡವನ್ನೇ ಮಾರಿದರೂ ಹಣ ಹೋಗುವುದು ಧರ್ಮಕಾರ್ಯಗಳ ಪ್ರತಿಷ್ಠಾನಕ್ಕೆ. ಹೀಗಿರುವಾಗ ತಂಡವನ್ನು ಮಾರುವ ಆಸೆ ಯಾರಿಗೆ ಹುಟ್ಟೀತು?

ಆದರೆ ಊರವರ ಅಭಿಮಾನದಿಂದಲೇ ತಂಡ ಉಳಿಯಿತೆಂದು ಹೇಳಿದರೆ ಅರ್ಧ ಮಾತಾಗುತ್ತದೆ. 1961ರಲ್ಲಿ ಲೀಗಿನ ಮುಖ್ಯಸ್ಥರಾಗಿದ್ದ ಪೀಟ್ ರೋಝೆಲ್ ಅವರು ದೂರದರ್ಶನದ ಹಣವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುವ ವ್ಯವಸ್ಥೆ ತಂದರು. ಅಮೆರಿಕದ ಸಂಸತ್ತು ಅದಕ್ಕಾಗಿ ಕಾನೂನನ್ನೂ ಮಾಡಿತು. ದೇಶದ ಅತಿ ದೊಡ್ಡ ಮಾರುಕಟ್ಟೆಯನ್ನು ಕೈಯಲ್ಲಿ ಹಿಡಿದಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡದ ಮಾರಾ ಕುಟುಂಬ ಇದಕ್ಕೆ ಒಪ್ಪದೇ ಹೋಗಿದ್ದರೆ, ಗ್ರೀನ್ ಬೇಯ ಹೆಸರು ಇಂದು ಹಳೆಯ ದಾಖಲೆ ಪುಸ್ತಕಗಳಲ್ಲಿ ಮಾತ್ರ ಇರುತ್ತಿತ್ತು. ಇನ್ನೊಂದು ಸ್ವಾರಸ್ಯವಿದೆ. ಸಾರ್ವಜನಿಕರ ಒಡೆತನದ ಕಾರಣ ಪ್ಯಾಕರ್ಸ್ ಮಾತ್ರ ಪ್ರತಿ ವರ್ಷ ಲೆಕ್ಕಪತ್ರ ಬಹಿರಂಗಪಡಿಸುತ್ತದೆ. ಲೀಗು ಒಂದೊಂದು ತಂಡಕ್ಕೆ ಹಂಚುವ ಪಾಲು ವರ್ಷಕ್ಕೆ 40 ಕೋಟಿ ಡಾಲರ್ ದಾಟಿದೆಯೆಂದು 2024ರಲ್ಲಿ ಲೋಕಕ್ಕೆ ತಿಳಿದದ್ದು ಆ ಲೆಕ್ಕದಿಂದಲೇ. ಶ್ರೀಮಂತ ಒಡೆಯರು ಮುಚ್ಚಿಡುವುದನ್ನು ಸಣ್ಣ ಪಟ್ಟಣದ ಲೆಕ್ಕಪುಸ್ತಕ ಹೇಳಿಬಿಡುತ್ತದೆ.

ಪ್ರಶ್ನೆ: ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ ಅವರಿಗಿಂತ ದೊಡ್ಡ ಆಟಗಾರರು ಇನ್ನೊಬ್ಬರಿದ್ದಾರೆಯೇ?
– ಪದವಿ ವಿದ್ಯಾರ್ಥಿ, ಕುಂಬಳೆ

ಉತ್ತರ: ಗೆದ್ದ ಲೆಕ್ಕದಲ್ಲಿ ಇಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2000ದಲ್ಲಿ, 198 ಆಟಗಾರರನ್ನು ಆರಿಸಿಕೊಂಡಾದ ಮೇಲೆ ಬ್ರೇಡಿ ಅವರ ಸರದಿ ಬಂತು. ಅಂಥವರು ನ್ಯೂ ಇಂಗ್ಲೆಂಡಿಗೆ ಆರು ಬಾರಿ, 43ರ ವಯಸ್ಸಿನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಒಂದು ಬಾರಿ ಸೂಪರ್ ಬೌಲ್ ಗೆಲ್ಲಿಸಿಕೊಟ್ಟರು. 2017ರ ಫೆಬ್ರವರಿಯಲ್ಲಿ ಅಟ್ಲಾಂಟಾದ ವಿರುದ್ಧ 3–28ರ ಹಿನ್ನಡೆಯಿಂದ ಎದ್ದುಬಂದು 34–28ರಿಂದ ಗೆದ್ದ ಪಂದ್ಯವೊಂದೇ ಸಾಕು, ಅವರನ್ನು ಮೊದಲ ಸಾಲಿನಲ್ಲಿ ಕೂರಿಸಲು. ಆದರೂ ಈ ಆಟದಲ್ಲಿ ಬ್ರೇಡಿ ಅವರಂತೆ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಸಲ್ಲುವ ಕೀರ್ತಿಯಲ್ಲಿ ಒಂದು ಭಾಗ ಬೇರೆಯವರದ್ದೆಂದು ನನ್ನ ಅಭಿಪ್ರಾಯ. 2015ರ ಫೆಬ್ರವರಿಯಲ್ಲಿ ಸಿಯಾಟಲ್ ತಂಡ ಗೋಲು ಗೆರೆಯಿಂದ ಒಂದೇ ಗಜ ದೂರದಲ್ಲಿದ್ದಾಗ ಚೆಂಡನ್ನು ಕಸಿದು ಪಂದ್ಯ ಉಳಿಸಿದವರು ನ್ಯೂ ಇಂಗ್ಲೆಂಡಿನ ರಕ್ಷಣಾ ಆಟಗಾರ ಮಾಲ್ಕಮ್ ಬಟ್ಲರ್; ಆ ಹೊತ್ತಿಗೆ ಬ್ರೇಡಿ ಗೆರೆಯಾಚೆ ಬೆಂಚಿನ ಬಳಿ ಇದ್ದರು.

ನನ್ನನ್ನು ಕೇಳಿದರೆ, ಒಬ್ಬನೇ ಆಟಗಾರನ ಬಲವನ್ನು ತೂಗುವಾಗ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಜಿಮ್ ಬ್ರೌನ್ ಅವರನ್ನು ಮೀರಿಸುವವರಿಲ್ಲ. 1957ರಿಂದ 1965ರವರೆಗಿನ ಒಂಬತ್ತು ಋತುಗಳಲ್ಲಿ ಎಂಟರಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ಗಜ ಓಡಿದವರು ಅವರೇ. ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದೆ 118 ಪಂದ್ಯಗಳಲ್ಲಿ 12,312 ಗಜ ಓಡಿದರು. ಋತುವಿಗೆ ಈಗಿನಂತೆ 17 ಪಂದ್ಯಗಳಿಲ್ಲದ, ಹನ್ನೆರಡೋ ಹದಿನಾಲ್ಕೋ ಇದ್ದ ಕಾಲ ಅದು. ಎದುರಾಳಿಗಳು ಪ್ರತಿ ಬಾರಿ ಕೆಡವಿದಾಗಲೂ ಅವರು ಒಂದೇ ರೀತಿಯಲ್ಲಿ, ಮೈಮುರಿದವರಂತೆ ನಿಧಾನವಾಗಿ ಎದ್ದು ನಡೆಯುತ್ತಿದ್ದರು. ನಿಜವಾಗಿ ನೋವಾದ ದಿನ ಯಾವುದೆಂದು ಎದುರಾಳಿಗಳಿಗೆ ಗೊತ್ತಾಗಬಾರದೆಂಬುದೇ ಅದರ ಗುಟ್ಟು. ಮೂವತ್ತರ ವಯಸ್ಸಿನಲ್ಲೇ, ಶಕ್ತಿ ಪೂರ್ತಿಯಾಗಿದ್ದಾಗಲೇ ಆಟ ಬಿಟ್ಟರು. ಮೈದಾನದ ಹೊರಗಿನ ಅವರ ಬದುಕನ್ನು ನಾನು ಹೊಗಳಲಾರೆ. ಇಲ್ಲಿ ಮಾತು ಆಟಕ್ಕೆ ಮಾತ್ರ.

ಪ್ರಶ್ನೆ: ಅಲ್ಲಿ ತಂಡಗಳೇ ಊರು ಬಿಟ್ಟು ಇನ್ನೊಂದು ಊರಿಗೆ ಹೋಗುತ್ತವೆಂದು ಕೇಳಿದ್ದೇನೆ. ನಿಜವೇ?
– ಶಿಕ್ಷಕಿ, ಮಂಜೇಶ್ವರ

ಉತ್ತರ: ನಿಜ, ಮತ್ತು ಅಭಿಮಾನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಬಾಲ್ಟಿಮೋರ್ ಕೋಲ್ಟ್ಸ್ ಎಂಬುದು ಜಾನಿ ಯುನಿಟಾಸ್ ಅವರಂತಹ ಕ್ವಾರ್ಟರ್‌ಬ್ಯಾಕ್ ಆಡಿದ, 1958ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಹೆಚ್ಚುವರಿ ಸಮಯದ ಆಟದಲ್ಲಿ 23–17ರಿಂದ ಕಿರೀಟ ಗೆದ್ದ ತಂಡ. ಕ್ರೀಡಾಂಗಣದ ವಿಷಯದಲ್ಲಿ ಒಡೆಯರಿಗೂ ನಗರಕ್ಕೂ ಜಗಳವಾಗಿ, ತಂಡವನ್ನು ಸ್ವಾಧೀನಪಡಿಸಿಕೊಳ್ಳುವ ಕಾನೂನಿನ ಕಡೆಗೆ ರಾಜ್ಯದ ಶಾಸನಸಭೆ ಹೆಜ್ಜೆ ಇಟ್ಟಾಗ, 1984ರ ಮಾರ್ಚ್ 28ರ ರಾತ್ರಿ ಒಡೆಯರಾದ ರಾಬರ್ಟ್ ಇರ್ಸೆ ಅವರು ಲಾರಿಗಳನ್ನು ತರಿಸಿ ಸಾಮಾನು ಸರಂಜಾಮು ತುಂಬಿಸಿ ಇಂಡಿಯಾನಾಪೊಲಿಸ್ ನಗರಕ್ಕೆ ಸಾಗಿಸಿಬಿಟ್ಟರು. ಬೆಳಗಾಗುವಾಗ ಊರಿನಲ್ಲಿ ತಂಡವಿರಲಿಲ್ಲ. ಆದರೆ ತಂಡದ ವಾದ್ಯವೃಂದದವರು ಮಾತ್ರ ಹೋಗಲಿಲ್ಲ. ನುಡಿಸಲು ತಂಡವೇ ಇಲ್ಲದ ವರ್ಷಗಳಲ್ಲೂ ಅವರು ಹಳೆಯ ಹೆಸರಿನಲ್ಲೇ ವಾದ್ಯ ನುಡಿಸುತ್ತಾ ಬಂದರು.

ಬಾಲ್ಟಿಮೋರಿಗೆ 1996ರಲ್ಲಿ ಮತ್ತೆ ತಂಡ ಬಂತು. ಬಂದದ್ದು ಎಲ್ಲಿಂದ ಎಂದರೆ, ಕ್ಲೀವ್‌ಲ್ಯಾಂಡಿನವರ ಮನೆ ಖಾಲಿ ಮಾಡಿ! ತಾವು ಉಂಡ ನೋವನ್ನೇ ಬಾಲ್ಟಿಮೋರಿನವರು ಇನ್ನೊಂದು ಊರಿಗೆ ಬಡಿಸಿದ್ದನ್ನು ನಾನು ಇಂದಿಗೂ ಒಪ್ಪಿಲ್ಲ. ಕ್ಲೀವ್‌ಲ್ಯಾಂಡಿನವರು ಹೋರಾಡಿ ತಂಡದ ಹೆಸರು, ಬಣ್ಣ, ದಾಖಲೆಗಳನ್ನು ತಮ್ಮಲ್ಲೇ ಉಳಿಸಿಕೊಂಡು 1999ರಲ್ಲಿ ಹೊಸ ತಂಡ ಪಡೆದರು. ಜಿಮ್ ಬ್ರೌನ್ ಓಡಿದ ಗಜಗಳು ಇಂದಿಗೂ ಆ ಊರಿನ ಲೆಕ್ಕದಲ್ಲಿವೆ ಎಂಬುದೊಂದು ಸಮಾಧಾನ. ಬದಿಯಡ್ಕದ ಓದುಗರಿಗೆ ಕೊಟ್ಟ ಉತ್ತರವನ್ನು ಇದರೊಂದಿಗೆ ಸೇರಿಸಿ ಓದಬೇಕಾಗಿ ವಿನಂತಿ.

ಪ್ರಶ್ನೆ: ಒಂದೇ ಒಂದು ಹಳೆಯ ಪಂದ್ಯ ನೋಡುವುದಾದರೆ ಯಾವುದು? ಇಲ್ಲಿ ನೇರಪ್ರಸಾರ ಎಷ್ಟು ಹೊತ್ತಿಗೆ?
– ಅಂಗಡಿ ಮಾಲೀಕರು, ಉಪ್ಪಳ

ಉತ್ತರ: 1967ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ನಡೆದ ಪಂದ್ಯ. ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ನೆಲದಡಿ ಹಾಕಿದ್ದ ಬಿಸಿ ಮಾಡುವ ವ್ಯವಸ್ಥೆ ಕೈಕೊಟ್ಟು ಮೈದಾನ ಕಲ್ಲಾಗಿತ್ತು. ತೀರ್ಪುಗಾರರ ಲೋಹದ ಸೀಟಿ ತುಟಿಗೆ ಅಂಟಿಕೊಂಡದ್ದರಿಂದ ಆಟವನ್ನು ಕೂಗಿ ಕೂಗಿಯೇ ನಡೆಸಿದರು. ಗ್ರೀನ್ ಬೇಗೆ 14–17ರ ಹಿನ್ನಡೆ, ಉಳಿದದ್ದು 16 ಸೆಕೆಂಡು, ಗೆರೆಗೆ ಒಂದು ಗಜಕ್ಕೂ ಕಡಿಮೆ ದೂರ. ಗೋಲು ಕಂಬಗಳ ನಡುವೆ ಚೆಂಡು ಒದ್ದು ಮೂರು ಅಂಕ ತರುವ ಫೀಲ್ಡ್ ಗೋಲ್ ಹೊಡೆದು ಸಮಬಲ ಮಾಡಿಕೊಳ್ಳಬಹುದಿತ್ತು. ತರಬೇತುದಾರ ವಿನ್ಸ್ ಲೊಂಬಾರ್ಡಿ ಅದನ್ನು ಒಲ್ಲದೆ ಗೆಲುವಿಗೇ ಕೈಹಾಕಿದರು. ಚೆಂಡನ್ನು ಹಿಂದಿನವನ ಕೈಗೆ ಕೊಡುವನೆಂದು ಸಂಗಡಿಗರೇ ನಂಬಿದ್ದಾಗ, ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ತಾವೇ ಚೆಂಡನ್ನು ಅಪ್ಪಿಕೊಂಡು ಸಂಗಡಿಗ ಜೆರಿ ಕ್ರೇಮರ್ ಅವರ ಬೆನ್ನ ಹಿಂದೆ ಗೆರೆಯೊಳಗೆ ಬಿದ್ದರು. 21–17. ಸೂಪರ್ ಬೌಲ್ ವಿಜೇತರಿಗೆ ಇಂದು ಕೊಡುವ ಟ್ರೋಫಿಗೆ ಲೊಂಬಾರ್ಡಿ ಅವರದೇ ಹೆಸರು.

ನೇರಪ್ರಸಾರ: ಚಳಿಗಾಲದಲ್ಲಿ ಭಾನುವಾರದ ಮೊದಲ ಪಂದ್ಯಗಳು ನಮಗೆ ರಾತ್ರಿ 11.30ಕ್ಕೆ, ಸೂಪರ್ ಬೌಲ್ ಸೋಮವಾರ ಬೆಳಿಗ್ಗೆ ಐದರ ಹೊತ್ತಿಗೆ. ಅಂಗಡಿಯ ಬಾಗಿಲು ತೆರೆಯುವ ಮೊದಲು ಮುಗಿಯುತ್ತದೆ.

ಪ್ರಶ್ನೆ: ತಲೆಗೆ ತಲೆ ಕೊಟ್ಟು ಬಡಿದಾಡುವ ಆಟವನ್ನು ಮಕ್ಕಳ ಎದುರು ಹೊಗಳುವುದು ಸರಿಯೇ?
– ನಿವೃತ್ತ ಮುಖ್ಯೋಪಾಧ್ಯಾಯರು, ಪೆರ್ಲ

ಉತ್ತರ: ತಮ್ಮ ಆಕ್ಷೇಪ ನ್ಯಾಯವಾದದ್ದು. ಪಿಟ್ಸ್‌ಬರ್ಗ್ ತಂಡಕ್ಕೆ ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟವರಲ್ಲಿ ಒಬ್ಬರಾದ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತರ ವಯಸ್ಸಿನಲ್ಲಿ, ಬುದ್ಧಿ ಕದಡಿದ ಸ್ಥಿತಿಯಲ್ಲಿ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನ್ನೆಟ್ ಒಮಾಲು ಅವರು, ವರ್ಷಾನುಗಟ್ಟಲೆ ಬಿದ್ದ ಪೆಟ್ಟುಗಳಿಂದ ಮೆದುಳಿನಲ್ಲಿ ಆದ ಹಾನಿಯನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದಾಗ, ಲೀಗಿನ ವೈದ್ಯರು ಆ ಬರಹವನ್ನೇ ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದರು. ಆಟಕ್ಕೂ ಮೆದುಳಿನ ಈ ಹಾನಿಗೂ ಸಂಬಂಧವಿದೆಯೆಂದು ಲೀಗಿನ ಅಧಿಕಾರಿಯೊಬ್ಬರು ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ. ಹೆಲ್ಮೆಟ್ಟು ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ಅದು ತಡೆಯಲಾರದು. ಆಟದ ಮೇಲೆ ನನಗೆ ಪ್ರೀತಿಯಿದೆ, ಲೀಗಿನ ಆ ಹತ್ತು ವರ್ಷಗಳ ನಡತೆಯ ಮೇಲೆ ಗೌರವವಿಲ್ಲ. ಶಾಲೆಯ ಮಕ್ಕಳಿಗೆ ಇದನ್ನು ಹೆಲ್ಮೆಟ್ಟು ಹಾಕಿಸಿ ಆಡಿಸಬೇಕೆಂದು ನಾನೆಂದೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ದೇಶದವರು ಈ ಆಟ ಆಡುವ ದಿನ ಬಂದೀತೇ?
– ಕಾಲೇಜು ವಿದ್ಯಾರ್ಥಿ, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಭಾರತೀಯ ಮೂಲದ ಬ್ರ್ಯಾಂಡನ್ ಚಿಲ್ಲರ್ ಅವರು ಪ್ಯಾಕರ್ಸ್ ತಂಡದಲ್ಲಿ ಆಡಿದ್ದಾರೆ. ಇಲ್ಲಿಯೇ ಬೆಳೆದು ಅಲ್ಲಿಗೆ ಹೋಗುವುದು ಸುಲಭವೆಂದು ತಮಗೆ ಆಸೆ ಹುಟ್ಟಿಸಲಾರೆ; ಅಲ್ಲಿಯ ಆಟಗಾರ ಶಾಲೆಯ ದಿನಗಳಿಂದ ಕಾಲೇಜಿನವರೆಗೆ ಆಡಿಯೇ ಡ್ರಾಫ್ಟಿಗೆ ನಿಲ್ಲುತ್ತಾನೆ. ಆದರೆ ಕೆಡವುವ ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕೀಳುವ, ಐವರು ಆಡುವ ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿದೆ. ಕ್ರಿಕೆಟ್ಟಿನ ಜೊತೆಯಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ನಿಮ್ಮ ರಾಜ್ಯದ ಮುಂಬಯಿಯಲ್ಲಿ, 2023ರ ಅಕ್ಟೋಬರಿನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಓಟ, ತಪ್ಪಿಸಿಕೊಳ್ಳುವ ಚಾಕಚಕ್ಯತೆ, ಚೆಂಡು ಎಸೆಯುವ ಕೈ ಇದ್ದರೆ ಸಾಕು. ಹೆಲ್ಮೆಟ್ಟೂ ಬೇಡ, ಭುಜದ ಕವಚವೂ ಬೇಡ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಸಂಚಿಕೆಯನ್ನು ತೋರಿಸಿ ಕೇಳಿನೋಡಿ. ಪೆರ್ಲದ ಮುಖ್ಯೋಪಾಧ್ಯಾಯರೂ ಇದಕ್ಕೆ ಬೇಡವೆನ್ನಲಾರರು.