ತೋಟಕ್ಕೆ ಕೋವಿ, ಗುರಿಗೆ ರೈಫಲ್

ಪ್ರಶ್ನೆ: ಸುಳ್ಯ ತಾಲೂಕಿನಲ್ಲಿ ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ. ನಡುವೆ ಬಾಳೆ ಹಾಕಿದ್ದೇವೆ. ಮೂರು ವರ್ಷದಿಂದ ಕಾಡುಹಂದಿ ಕಾಟ ತಡೆಯಲಾಗುತ್ತಿಲ್ಲ. ಮಗಳಿಗೆ 19 ವರ್ಷ. ಕಾಲೇಜಿನ ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹೊಡೆದು ಅವಳಿಗೆ ಶೂಟಿಂಗ್ ಮೇಲೆ ಆಸೆ ಹುಟ್ಟಿದೆ. ಒಂದು ರೈಫಲ್‌ಗೆ ಲೈಸೆನ್ಸ್ ಮಾಡಿಸಿದರೆ ತೋಟಕ್ಕೂ ಆಯಿತು, ಅವಳ ಅಭ್ಯಾಸಕ್ಕೂ ಆಯಿತು ಅಲ್ವಾ? ಅರ್ಜಿ ಹೇಗೆ ಬರೆಯಬೇಕು? ಗಡಿಯಾಚೆ ಕಾಸರಗೋಡಿನಲ್ಲಿ ಹಂದಿ ಹೊಡೆಯಲು ಪಂಚಾಯತಿಯಲ್ಲೇ ಅನುಮತಿ ಸಿಗುತ್ತದಂತೆ. ನಮಗೂ ಸಿಗುತ್ತದಾ?

ಉತ್ತರ: ಒಂದೇ ರೈಫಲ್‌ನಲ್ಲಿ ಎರಡೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಒಂದು ತಪ್ಪಿನಿಂದ ವರ್ಷಗಟ್ಟಲೆ ಅಲೆದವರನ್ನು ಕಣ್ಣಾರೆ ಕಂಡಿದ್ದೇನೆ. ಜಿಲ್ಲಾ ಕಚೇರಿಯ ಮ್ಯಾಜಿಸ್ಟ್ರೇಟ್ ಶಾಖೆಯಲ್ಲಿ ಹನ್ನೊಂದು ವರ್ಷ ಕೋವಿ ಲೈಸೆನ್ಸಿನ ಕಡತ ನೋಡಿದವನು ನಾನು. ಈಗ ಕೊಪ್ಪದ ಹತ್ತಿರ ಅಪ್ಪನ ಕಾಲದ ಮೂರು ಎಕರೆ ತೋಟ ನೋಡಿಕೊಂಡಿದ್ದೇನೆ. ಹಂದಿ ಕಾಟ ಏನೆಂದು ನನಗೂ ಗೊತ್ತು. ರಾತ್ರಿ ನೆಟ್ಟಗಿದ್ದ ಬಾಳೆ ಬೆಳಿಗ್ಗೆ ಗಡ್ಡೆ ಸಮೇತ ಮಗುಚಿ ಬಿದ್ದಿರುತ್ತದೆ. ಗೊಬ್ಬರ ಹಾಕಿದ ಅಡಿಕೆ ಸಸಿಯ ಬುಡವನ್ನು ಎರೆಹುಳಕ್ಕಾಗಿ ಉತ್ತು ಹಾಕಿರುತ್ತವೆ. ಆ ಹೊಂಡದ ಮುಂದೆ ನಿಂತಾಗ ಆಗುವ ಸಂಕಟಕ್ಕೆ ಯಾವ ಅರ್ಜಿಯಲ್ಲೂ ಕಾಲಂ ಇಲ್ಲ.

1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಈ ಎರಡು ಉದ್ದೇಶಗಳನ್ನು ಬೇರೆ ಬೇರೆ ಇಟ್ಟಿದೆ. ನಿಜವಾದ ಬೆಳೆ ರಕ್ಷಣೆಗೆ ಅದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿ, ನಮ್ಮ ಕಡೆ ಕೇಪಿನ ಕೋವಿ ಅನ್ನುತ್ತೇವಲ್ಲ, ಅದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ, ಅಂದರೆ ಸಾಮಾನ್ಯವಾಗಿ ತೋಟೆ (ಕಾರ್ಟ್ರಿಜ್) ಹಾಕಿ ಹೊಡೆಯುವ ತೋಟೆ ಕೋವಿ ಕೊಡಬಹುದು. ನಳಿಗೆ 20 ಇಂಚಿಗೆ ಕಡಿಮೆ ಇರಬಾರದು. ಪಾಯಿಂಟ್ 22, ಅಂದರೆ ನಳಿಗೆಯ ಒಳ ಅಗಲ 0.22 ಇಂಚಿನ ರೈಫಲ್ ಬರುವುದು ಇನ್ನೊಂದು ಸಾಲಿನಲ್ಲಿ. ಅದು ಗುರಿ ಅಭ್ಯಾಸಕ್ಕೆ, ಅದೂ ಕೇಂದ್ರ ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ ಅಥವಾ ಅಸೋಸಿಯೇಷನ್‌ನ ಸದಸ್ಯರಿಗೆ.

ಈ ಭೇದ ಸುಮ್ನೆ ಮಾಡಿದ್ದಲ್ಲ. ತೋಟೆ ಕೋವಿಯ ನಳಿಗೆಯನ್ನು ಬಿಚ್ಚಿ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಒಳಗೆ ಸ್ಟೀಲ್ ಲೋಟದ ಹಾಗೆ ನುಣ್ಣಗೆ ಹೊಳೆಯುತ್ತದೆ. ರೈಫಲ್‌ನ ನಳಿಗೆಯೊಳಗೆ ಬಳ್ಳಿ ಸುತ್ತಿದ ಹಾಗೆ ಗೀರುಗಳಿರುತ್ತವೆ. ಆ ಗೀರು ಗುಂಡನ್ನು ತಿರುಗಿಸಿ ಬಿಡುತ್ತದೆ, ಅದಕ್ಕೇ ಅದು ನೇರ ಹೋಗುತ್ತದೆ, ದೂರವೂ ಹೋಗುತ್ತದೆ. ಕಡ್ಡಿಯಷ್ಟು ಸಣ್ಣ ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರಿನಾಚೆಗೂ ಹೋಗಬಲ್ಲದು. ತೋಟೆ ಕೋವಿಯ ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳಾದರೆ ಕೆಲವು ನೂರು ಮೀಟರಿನಲ್ಲಿ ಬಲ ಕಳೆದುಕೊಂಡು ಬೀಳುತ್ತದೆ. ನಿಮ್ಮ ತೋಟದಿಂದ ಒಂದೂವರೆ ಕಿಲೋಮೀಟರು ಎಂದರೆ ಯಾರ ಯಾರ ಮನೆ ಬರುತ್ತದೆ, ಯಾವ ಶಾಲೆ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಕತ್ತಲಲ್ಲಿ ಹಂದಿ ಸದ್ದಿಗೆ ರೈಫಲ್ ಹೊಡೆಯುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾಗಿ ನಿಮ್ಮ ಹೆಸರಿನಲ್ಲಿ ಬೆಳೆ ರಕ್ಷಣೆಗೆ ತೋಟೆ ಕೋವಿ ಕೇಳಿ. ಅರ್ಜಿ 2016ರ ಆಯುಧ ನಿಯಮಗಳ ನಮೂನೆ ಎ-1ರಲ್ಲಿ. ಸುಳ್ಯದವರಾದ ನಿಮಗೆ ಲೈಸೆನ್ಸ್ ಅಧಿಕಾರಿ ಜಿಲ್ಲಾಧಿಕಾರಿ. ಜತೆಗೆ ಫೋಟೊ, ಜನನ ದಿನಾಂಕ, ಗುರುತು ಮತ್ತು ವಿಳಾಸದ ದಾಖಲೆ ಬೇಕು. ವೈದ್ಯರ ಪ್ರಮಾಣಪತ್ರ ನಮೂನೆ ಎಸ್-3ರಲ್ಲಿ, ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ. ಕುಡಿತ ಅಥವಾ ಮಾದಕ ವಸ್ತುವಿನ ಚಟ ಇಲ್ಲ ಎಂಬುದನ್ನೂ ಅದರಲ್ಲಿ ಬರೆಯಬೇಕಾಗುತ್ತದೆ. ಕೋವಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕು. ಬೆಳೆ ರಕ್ಷಣೆ ಆದ್ದರಿಂದ ಪಹಣಿ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಪಹಣಿ ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲಿದ್ದರೆ ಮೊದಲು ಖಾತೆ ಬದಲಾವಣೆ ಮಾಡಿಸಿ. ನಾನು ನೋಡಿದ ಕಡತಗಳಲ್ಲಿ ಜಾಸ್ತಿ ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ. ಲೈಸೆನ್ಸ್ ಆದ ಮೇಲೆ ನಿಮ್ಮ ವಿವರ ಎನ್‌ಡಿಎಎಲ್ ಎಂಬ ಕೇಂದ್ರದ ಪೋರ್ಟಲ್‌ಗೆ ಸೇರಿ ಯುಐಎನ್ ಎಂಬ ಗುರುತಿನ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದ ಲೈಸೆನ್ಸ್‌ಗೆ ಈಗ ಬೆಲೆಯಿಲ್ಲ.

ಕಾರಣ ಬರೆಯುವ ಜಾಗದಲ್ಲಿ "ಕಾಡುಪ್ರಾಣಿಗಳ ಹಾವಳಿ" ಎಂದು ಎರಡು ಪದ ಬರೆದು ಬಿಡಬೇಡಿ. ಸರ್ವೆ ನಂಬರು, ತೋಟದ ಯಾವ ದಿಕ್ಕಿಗೆ ಕಾಡು, ಎಷ್ಟು ದೂರ, ಯಾವ ತಿಂಗಳು ಎಷ್ಟು ಬಾಳೆ ಹೋಯಿತು, ಎಷ್ಟು ಸಸಿ ಹೋಯಿತು, ಅರಣ್ಯ ಇಲಾಖೆಗೆ ಬೆಳೆಹಾನಿ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ, ಇಷ್ಟೂ ಇರಲಿ. ಅಂದಂದೇ ತೆಗೆದ ಫೋಟೊ ಇದ್ದರೆ ಒಳ್ಳೆಯದು. ನನ್ನ ಅಪ್ಪನ ಅರ್ಜಿ ಎರಡು ವರ್ಷ ಒಂದು ಕಚೇರಿಯಲ್ಲಿ ಕೊಳೆಯಿತು. ಆಮೇಲೆ ಒಬ್ಬ ಗುಮಾಸ್ತರು ಕನಿಕರದಿಂದ, ನಷ್ಟವನ್ನು ಲೆಕ್ಕದಲ್ಲಿ ಬರೆದು ಕೊಡಿ ಎಂದರು. ಅಪ್ಪ ಬಾಳೆಗೊನೆ ಮಾರಿದ ಚೀಟಿಗಳನ್ನೆಲ್ಲ ಹುಡುಕಿ ಹಿಂದಿನ ವರ್ಷಕ್ಕೂ ಆ ವರ್ಷಕ್ಕೂ ಇದ್ದ ವ್ಯತ್ಯಾಸ ತೋರಿಸಿದರು. ಕಡತ ಆ ತಿಂಗಳೇ ಹೊರಟಿತು. ಅದೇ ಶಾಖೆಯಂಥ ಜಾಗದಲ್ಲಿ ನಾನು ಕೂತಾಗ ಆ ಚೀಟಿಗಳ ನೆನಪು ನನ್ನನ್ನು ಬಿಡಲಿಲ್ಲ.

ಹಳೆಯ ಕೇಸು ಏನಾದರೂ ಇದ್ದರೆ, ಹಿಂದೆ ಅರ್ಜಿ ತಿರಸ್ಕಾರವಾಗಿದ್ದರೆ, ಬರೆದುಬಿಡಿ. ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು.

ಅರ್ಜಿ ಠಾಣೆಗೆ ಹೋಗುತ್ತದೆ. ವರದಿಗೆ ನಿಯಮದಲ್ಲಿ 30 ದಿನ ಇದೆ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ಪೊಲೀಸರು ಮನೆಗೆ ಬಂದಾಗ ಜಗುಲಿಯಲ್ಲೇ ಮಾತು ಮುಗಿಸಿ ಕಳಿಸಬೇಡಿ. ತೋಟಕ್ಕೆ ಕರೆದುಕೊಂಡು ಹೋಗಿ. ಹೊಂಡ ತೋರಿಸಿ, ಬೇಲಿ ನುಗ್ಗಿದ ಜಾಗ ತೋರಿಸಿ. ಕೋವಿ ಇಡುವ ಕಪಾಟು, ಅದರ ಬೀಗ ತೋರಿಸಿ. ಅಕ್ಕಪಕ್ಕದವರ ಜತೆ ಜಮೀನಿನ ಜಗಳ ಇದೆಯಾ ಎಂದು ಖಂಡಿತ ವಿಚಾರಿಸುತ್ತಾರೆ. ಅದು ಅವರ ಕೆಲಸ, ಬೇಸರ ಮಾಡಿಕೊಳ್ಳಬೇಡಿ.

ಸಣ್ಣ ಹಿಡುವಳಿ ಎಂದು ಹೆದರಬೇಡಿ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿ ಹಾಕಿ. ಸಿಕ್ಕಿದರೆ ಲೈಸೆನ್ಸ್ ಐದು ವರ್ಷಕ್ಕೆ. ಮೊದಲು ಮೂರು ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ ಐದಾಯಿತು.

ಈಗ ಬಹಳ ಮುಖ್ಯವಾದ ಮಾತು. ಕೋವಿ ಲೈಸೆನ್ಸ್ ಎಂದರೆ ಕೋವಿ ಇಟ್ಟುಕೊಳ್ಳಲು ಅನುಮತಿ. ಹಂದಿ ಹೊಡೆಯಲು ಅನುಮತಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ, 2022ರ ತಿದ್ದುಪಡಿಯ ನಂತರ, ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಎಂದಾದರೆ ಕೊಲ್ಲಲು ಅನುಮತಿ ಕೊಡುವ ಅಧಿಕಾರ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಇದೆ. ಅದು ಬರಹದಲ್ಲಿ, ಕಾರಣ ಸಮೇತ ಇರಬೇಕು. ಕೇರಳ ಸರ್ಕಾರ 2022ರಲ್ಲಿ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಕಾಸರಗೋಡಿನ ಬಗ್ಗೆ ನಿಮ್ಮ ಕಿವಿಗೆ ಬಿದ್ದದ್ದು ಸುಳ್ಳಲ್ಲ. ಆದರೆ ಆ ಆದೇಶ ಗಡಿ ದಾಟಿ ಸುಳ್ಯಕ್ಕೆ ಬರುವುದಿಲ್ಲ. ನೀವು ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಗೇ ಹೋಗಬೇಕು. ಅನುಮತಿ ಕೈಗೆ ಬರುವವರೆಗೆ ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದು. ಆಕಾಶಕ್ಕೆ ಒಂದು ಈಡು ಹೊಡೆದರೆ ನನ್ನ ತೋಟದಲ್ಲಿ ನಾಲ್ಕೈದು ದಿನ ಹಂದಿ ಸುಳಿಯುವುದಿಲ್ಲ. ಆಮೇಲೆ ಮತ್ತೆ ಬರುತ್ತವೆ, ನಿಜ.

ಕೋವಿಯನ್ನು ತೋಟದ ಆಳಿನ ಕೈಗೆ ಕೊಟ್ಟು ಕಾವಲಿಗೆ ಕಳಿಸಬೇಡಿ. ಇನ್ನೊಬ್ಬರು ಬಳಸಬೇಕಾದರೆ ಅವರ ಹೆಸರು ಲೈಸೆನ್ಸಿನಲ್ಲಿ ರಿಟೇನರ್, ಅಂದರೆ ನಿಮ್ಮ ಪರವಾಗಿ ಕೋವಿ ಹಿಡಿಯುವವರು ಎಂದು ಸೇರಿರಬೇಕು. ತೋಟೆ ತುಂಬಿದ ಕೋವಿ ಮನೆಯೊಳಗೆ ಬೇಡವೇ ಬೇಡ. ನಮ್ಮ ಪಕ್ಕದ ಊರಿನ ಹಿರಿಯರೊಬ್ಬರು ರಾತ್ರಿ ಬೇಗ ಕೈಗೆ ಸಿಗಲಿ ಎಂದು ತುಂಬಿದ ಕೋವಿಯನ್ನು ಗೋಡೆಯ ಗೂಟಕ್ಕೆ ತೂಗಿಸುತ್ತಿದ್ದರು. ಇಳಿಸುವಾಗ ಕೋವಿಯ ಕುದುರೆ, ಅಂದರೆ ಗುಂಡು ಹಾರಿಸುವ ಕೀಲು, ಗೂಟಕ್ಕೆ ತಗುಲಿ ಗುಂಡು ಹಾರಿತು. ಅವರು ಉಳಿದರು, ಎಡಗಾಲು ಉಳಿಯಲಿಲ್ಲ. ನಾನು ತೋಟದಿಂದ ಬಂದವನೇ ಮೆಟ್ಟಿಲ ಹೊರಗೇ ಕೋವಿ ಮಡಚಿ ತೋಟೆ ತೆಗೆದು, ನಳಿಗೆಯೊಳಗೆ ಕಿರುಬೆರಳು ಹಾಕಿ ನೋಡುತ್ತೇನೆ. ಕಣ್ಣಿಗಿಂತ ಬೆರಳನ್ನು ನಂಬುತ್ತೇನೆ, ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತದೆ. ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿ ಬೇರೆ ಪೆಟ್ಟಿಗೆಯಲ್ಲಿಡುತ್ತೇನೆ. ತೋಟೆಗೆ ಇನ್ನೊಂದು ಬೀಗ.

ಇನ್ನು ಮಗಳ ವಿಷಯ. 21 ತುಂಬದವರು ಬಂದೂಕು ಹೊಂದುವುದನ್ನು ಕಾಯ್ದೆ ಒಪ್ಪುವುದಿಲ್ಲ. ತರಬೇತಿಯ ವೇಳೆ ಬಳಸಲು ಮಾತ್ರ ಅವಕಾಶ ಇದೆ. ಹಾಗಾಗಿ ಅವಳನ್ನು ಮಾನ್ಯತೆ ಇರುವ ರೈಫಲ್ ಕ್ಲಬ್ಬಿಗೆ ಸೇರಿಸಿ, ಮೊದಲು ಹತ್ತು ಮೀಟರ್ ಏರ್ ರೈಫಲ್ ಕಲಿಯಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರು! ರಾಗಿ ಕಾಳಿಗಿಂತ ಸಣ್ಣದು. ಉಸಿರು, ನಿಲುವು, ಬೆರಳು ಎಲ್ಲ ಅಲ್ಲೇ ಹದಕ್ಕೆ ಬರುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದದ್ದು 50 ಮೀಟರ್ ರೈಫಲ್‌ನಲ್ಲಿ, ಅದು ಪಾಯಿಂಟ್ 22. ಎನ್‌ಸಿಸಿಯಲ್ಲಿ ಅವಳ ಕೈಗೆ ಬಂದದ್ದೂ ಅದೇ ಅಳತೆ. ಎರಡು ವರ್ಷ ಕಲಿತ ಮೇಲೂ ಆಸೆ ಹೀಗೇ ಇದ್ದರೆ ಅವಳೇ ಕ್ಲಬ್ ಸದಸ್ಯತ್ವದ ಪತ್ರ ಇಟ್ಟು ತನ್ನ ಹೆಸರಿನಲ್ಲಿ ಅರ್ಜಿ ಹಾಕಲಿ. ಆ ಅರ್ಜಿಯಲ್ಲಿ ಹಂದಿಯ ಮಾತು ಬರಬಾರದು.

ಪ್ರಶ್ನೆ: ಏರ್‌ಗನ್‌ಗೆ ಲೈಸೆನ್ಸ್ ಬೇಡವಂತೆ. ಕೊಕ್ಕೋ ತಿನ್ನುವ ಮಂಗಗಳಿಗೆ ಹೊಡೆಯಬಹುದಾ? (ಬೆಳ್ತಂಗಡಿಯಿಂದ)

ಉತ್ತರ: ಹೊಡೆಯಬೇಡಿ. ಪಾಯಿಂಟ್ 177 ಅಳತೆಯ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂಬುದು ಸರಿ. ಆದರೆ ಮಂಗಕ್ಕೂ ನವಿಲಿಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಯಾವುದರಿಂದ ಹೊಡೆದರೂ ಅಪರಾಧವೇ. ಇನ್ನೊಂದು ಮಾತು. ಆ ಸಣ್ಣ ಗುಂಡಿಗೆ ಮಂಗ ಸಾಮಾನ್ಯವಾಗಿ ಒಮ್ಮೆಗೇ ಸಾಯುವುದಿಲ್ಲ. ಹೊಟ್ಟೆಯಲ್ಲಿ ಗುಂಡು ಹೊತ್ತು ಹದಿನೈದು ದಿನ ನರಳಿದ ಒಂದು ಮರಿಯನ್ನು ನಮ್ಮ ಹಲಸಿನ ಮರದ ಬುಡದಲ್ಲಿ ನೋಡಿದ್ದೇನೆ. ಅಂಥದ್ದು ನಿಮ್ಮ ತೋಟದಲ್ಲಿ ಆಗುವುದು ಬೇಡ.

ಪ್ರಶ್ನೆ: ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಕೋವಿ ಅಟ್ಟದಲ್ಲೇ ಇದೆ. ಏನು ಮಾಡಲಿ? (ತೀರ್ಥಹಳ್ಳಿಯಿಂದ)

ಉತ್ತರ: ಇವತ್ತೇ ಠಾಣೆಗೆ ಹೇಳಿ, ಕೋವಿಯನ್ನು ಅಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಶೀದಿ ಪಡೆಯಿರಿ. ಲೈಸೆನ್ಸ್ ಅಪ್ಪನ ಜತೆಗೇ ಮುಗಿಯಿತು, ಈಗ ಅಟ್ಟದಲ್ಲಿರುವುದು ಲೈಸೆನ್ಸ್ ಇಲ್ಲದ ಕೋವಿ. ತಡ ಯಾಕಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಆಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಬಾಕಿ ವಾರಸುದಾರರ ಒಪ್ಪಿಗೆ ಇಟ್ಟು ನಿಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಹಿರಿಯರು ಮನೆಯಲ್ಲಿರುವ ಉಳಿದವರಿಗೂ ಒಂದು ವಿಷಯ: ಲೈಸೆನ್ಸ್ ಇರುವವರಿಗೆ 70 ವರ್ಷ ಆದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಬದಲಾಯಿಸಲು ನಿಯಮದಲ್ಲಿ ದಾರಿ ಇದೆ.

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಕೊಡಬೇಕು. ಹಂದಿಗೆ ಚುನಾವಣೆ ಗೊತ್ತಿಲ್ಲವಲ್ಲ? (ಕೊಪ್ಪ ತಾಲೂಕಿನಿಂದ)

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಜಿಲ್ಲೆಯಲ್ಲಿ ಇದಕ್ಕೆಂದೇ ಪರಿಶೀಲನಾ ಸಮಿತಿ ಇರುತ್ತದೆ. ಚುನಾವಣೆ ಘೋಷಣೆಯಾದ ತಕ್ಷಣ ವಿನಾಯಿತಿ ಕೇಳಿ ಅರ್ಜಿ ಕೊಡಿ. ಲೈಸೆನ್ಸ್ ಪ್ರತಿ, ಪಹಣಿ, ಹಿಂದಿನ ಬೆಳೆಹಾನಿ ದಾಖಲೆ ಜತೆಗಿರಲಿ. ಸಿಗದಿದ್ದರೆ ಕೊಡಲೇಬೇಕು. ಕೊಡುವ ಮುಂಚೆ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ. ರಶೀದಿಯಲ್ಲಿ ಕೋವಿಯ ನಂಬರು ಸರಿ ಬರೆದಿದ್ದಾರಾ ಎಂದು ಅಲ್ಲೇ ನಿಂತು ಓದಿ. ಫಲಿತಾಂಶದ ನಂತರ ವಾಪಸು ತರುವಾಗ ನಳಿಗೆಯೊಳಗೆ ತುಕ್ಕು ಹಿಡಿದಿದೆಯಾ ನೋಡಿ, ಹಿಡಿದಿದ್ದರೆ ರಿಪೇರಿ ಆಗುವವರೆಗೆ ತೋಟೆ ಹಾಕಬೇಡಿ.