ಹಲ್ಲಿನ ವೈದ್ಯರಿಗೆ ಇಷ್ಟೊಂದು ಅನಾಟಮಿ ಏಕೆ?

ದಂತ ವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬರ ಪತ್ರ: “ರಾತ್ರಿಯೆಲ್ಲ ಬಾಯಿಪಾಠ ಮಾಡಿದ ನರಗಳ ಹೆಸರು ಬೆಳಿಗ್ಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನೆನಪಾಗುವುದಿಲ್ಲ. ಹಲ್ಲು ನೋಡುವವರಿಗೆ ಇಷ್ಟೆಲ್ಲ ಏಕೆ ಬೇಕು? ಈ ಓದು ನನ್ನ ಕೈಲಾಗದ್ದೇ?”

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಪತ್ರದ ಸಂಕಟವೆಲ್ಲ ಅಲ್ಲೇ ಇದೆ. ಹೆಸರು ಮರೆಯುವುದು ಅಯೋಗ್ಯತೆಯ ಲಕ್ಷಣವಲ್ಲ. ತಲೆ ಮತ್ತು ಕುತ್ತಿಗೆಯ ಅನಾಟಮಿ, ಅಂದರೆ ದೇಹರಚನೆ, ನಿಜಕ್ಕೂ ಕಠಿಣವಾದದ್ದು. ಕೆಳದವಡೆಯ ಹಿಂಭಾಗಕ್ಕೆ ಮರೆಯಾಗಿರುವ ಇನ್‌ಫ್ರಾಟೆಂಪೊರಲ್ ಫೊಸಾ ಎಂಬ ಪುಟ್ಟ ಜಾಗದಲ್ಲಿ ದವಡೆಯನ್ನು ಆಡಿಸುವ ಎರಡು ಟೆರಿಗಾಯ್ಡ್ ಸ್ನಾಯುಗಳು, ಮ್ಯಾಕ್ಸಿಲರಿ ಅಪಧಮನಿ, ಅಭಿಧಮನಿಗಳ ಜಾಲ ಮತ್ತು ಕೆಳದವಡೆಗೆ ಹೋಗುವ ಮ್ಯಾಂಡಿಬ್ಯುಲರ್ ನರದ ಕವಲುಗಳು ಒತ್ತೊತ್ತಾಗಿ ಸೇರಿಕೊಂಡಿವೆ. ಡಿಸೆಕ್ಷನ್ (ಶವಚ್ಛೇದನ) ಮೇಜಿನಲ್ಲಿ ಅದನ್ನು ಕಾಣಬೇಕಾದರೆ ದವಡೆ ಮೂಳೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕು; ತೆಗೆದ ಮೂಳೆ ಎಲ್ಲಿತ್ತೆಂಬುದನ್ನು ಮನಸ್ಸಿನಲ್ಲೇ ಮರಳಿ ಜೋಡಿಸಿಕೊಳ್ಳಬೇಕು. ಹೆಸರುಗಳ ಪಟ್ಟಿಯನ್ನು ಉರುಹೊಡೆದರೆ ಈ ಜೋಡಣೆ ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಏಕೆ ಬೇಕೆಂಬುದಕ್ಕೆ, ನೀವು ಮುಂದೆ ವೃತ್ತಿಯುದ್ದಕ್ಕೂ ಕೊಡಲಿರುವ ಒಂದು ಇಂಜೆಕ್ಷನ್ನೇ ಉತ್ತರ. ಕೆಳಗಿನ ದವಡೆ ಹಲ್ಲು ಮರಗಟ್ಟಬೇಕಾದರೆ, ಕೆಳಗಿನ ಹಲ್ಲುಗಳಿಗೆ ಹೋಗುವ ಇನ್‌ಫೀರಿಯರ್ ಆಲ್ವಿಯೊಲರ್ ನರ ದವಡೆ ಮೂಳೆಯ ಒಳಬದಿಯ ರಂಧ್ರವನ್ನು ಹೊಗುವ ಮುನ್ನವೇ ಅದರ ಬಳಿಗೆ ಔಷಧ ತಲುಪಬೇಕು. ಆ ರಂಧ್ರ ಬಾಯಿ ತೆರೆದರೂ ಕಾಣುವುದಿಲ್ಲ. ಸೂಜಿ ತೀರಾ ಹಿಂದಕ್ಕೆ ಹೋಗಿ ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯಲ್ಲಿ ಔಷಧ ಬಿಟ್ಟರೆ ಅಲ್ಲಿ ಹಾದುಹೋಗುವ, ಮುಖದ ಸ್ನಾಯುಗಳನ್ನು ಆಡಿಸುವ ಫೇಶಿಯಲ್ ನರ ಮರಗಟ್ಟಿ, ರೋಗಿಗೆ ಕೆಲವು ಗಂಟೆ ಆ ಬದಿಯ ಕಣ್ಣು ಮುಚ್ಚಲೂ ಆಗದಿರಬಹುದು. ಗಾಬರಿಗೊಂಡ ಆ ರೋಗಿಗೆ ಧೈರ್ಯ ಹೇಳಬೇಕಾದವರು ನೀವೇ. ಹಾಗೆಯೇ, ಕೆಳಗಿನ ಬುದ್ಧಿಹಲ್ಲಿನ ಪಕ್ಕದಲ್ಲೇ ಹಾಯುವ ಲಿಂಗ್ವಲ್ ನರಕ್ಕೆ ಪೆಟ್ಟಾದರೆ ನಾಲಿಗೆಯ ಅರ್ಧಭಾಗದ ಸ್ಪರ್ಶವೂ ರುಚಿಯೂ ಕುಂದಬಹುದು. ಕೈಕಾಲುಗಳ ಅನಾಟಮಿ ನಿಮ್ಮ ಪಠ್ಯದಲ್ಲಿದ್ದರೆ ಪರೀಕ್ಷೆಗೆ ತಕ್ಕಷ್ಟು ಓದಿ, ಉಳಿದ ಶ್ರಮವನ್ನು ತಲೆ ಮತ್ತು ಕುತ್ತಿಗೆಗೆ ಮೀಸಲಿಡಿ ಎಂದೇ ನನ್ನ ಸಲಹೆ.

ಓದುವ ಕ್ರಮವನ್ನು ಬದಲಿಸಿ. ತಲೆಬುರುಡೆಯನ್ನು ಕೈಯಲ್ಲಿ ಹಿಡಿದು, ಮ್ಯಾಂಡಿಬ್ಯುಲರ್ ನರ ಹೊರಬರುವ ಫೊರಾಮೆನ್ ಓವೇಲ್ ಎಂಬ ಬುರುಡೆಯ ತಳದ ರಂಧ್ರದಲ್ಲಿ ಒಂದು ದಾರವನ್ನು ತೂರಿಸಿ, ದವಡೆಯ ಒಳಬದಿಯ ರಂಧ್ರದವರೆಗೆ ಅದನ್ನು ಎಳೆದು ತನ್ನಿ. ಯಾವ ಸ್ನಾಯು ಎಡತಾಕಿತು, ಯಾವ ಕವಲು ಎಲ್ಲಿ ಬೇರೆಯಾಯಿತು ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಪುಸ್ತಕ ಮುಚ್ಚಿ ಅದೇ ದಾರಿಯನ್ನು ಚಿತ್ರವಾಗಿ ಬರೆಯಿರಿ. ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬಳಿಕ ಪ್ರತಿ ತಿರುವಿನಲ್ಲೂ ‘ಇಲ್ಲಿ ಮರಗಟ್ಟಿಸಿದರೆ ಎಲ್ಲೆಲ್ಲಿ ಸ್ಪರ್ಶ ಹೋಗುತ್ತದೆ?’ ಎಂದು ಕೇಳಿಕೊಳ್ಳಿ. ಅದೇ ನರದ ಕವಲು ದವಡೆಯ ಮುಂಭಾಗದಲ್ಲಿ ಹೊರಬರುವ ಮೆಂಟಲ್ ರಂಧ್ರದ ಬಳಿ ಮರಗಟ್ಟಿಸಿದರೆ ಕೆಳತುಟಿ ಮತ್ತು ಗದ್ದ ಜೋಮುಗಟ್ಟುತ್ತವೆ, ಹಿಂದಿನ ದವಡೆ ಹಲ್ಲು ಮಾತ್ರ ನೋಯುತ್ತಲೇ ಇರುತ್ತದೆ. ಕಾರಣವನ್ನು ನೀವೇ ಕಂಡುಕೊಂಡ ಮೇಲೆ ಅದನ್ನು ವೈವಾದಲ್ಲಿ ಯಾರು ಹೇಗೆ ತಿರುಗಿಸಿ ಕೇಳಿದರೂ ಹೇಳಬಲ್ಲಿರಿ.